ಎಂಟು ವರ್ಷದ ಹೊಸ ಒರಳು

“ಈ ಸೀಮೆಯಲ್ಲಿ ಹೊಸದು ಅಂತ ಏನೇ ಹುಟ್ಟಲಿ, ಅದು ಮೊದಲು ಹುಟ್ಟಿರೋದು ನನ್ನ ತಲೆಯೊಳಗೆ” ಎಂದು ಭುಜಂಗರಾಯ ತುಂಬಿದ ಆಸ್ಥಾನದಲ್ಲಿ ಮೀಸೆ ತಿರುವಿದ. ಮಹಾರಾಣಿಯ ತಮ್ಮ ಮೀಸೆ ತಿರುವುವಾಗ ಯಾರು ತಾನೇ ಎದುರಾಡುತ್ತಾರೆ? ಎಲ್ಲರೂ ತಲೆಯಾಡಿಸಿದರು. ಅರಮನೆಯ ಕರಣಿಕ ಅಣ್ಣಾಜಯ್ಯನೂ ಆಡಿಸಿದ, ಆದರೆ ಅಡ್ಡಡ್ಡ.

ದೊರೆ ಚೆಲುವರಾಯ ಹಿಂದಿನ ವರ್ಷ ಒಂದು ಆಜ್ಞೆ ಹೊರಡಿಸಿದ್ದ. ಯಾರಾದರೂ ಹೊಸ ಸಾಧನ ಕಂಡುಹಿಡಿದರೆ ಅವರಿಗೆ ಅರಮನೆಯಿಂದ ಒಂದು ತಾಮ್ರದ ತಗಡು. ತಗಡು ಪಡೆದವರ ಅಪ್ಪಣೆಯಿಲ್ಲದೆ ಹನ್ನೆರಡು ವರ್ಷ ಬೇರೆ ಯಾರೂ ಅದನ್ನು ಮಾಡುವ ಹಾಗಿಲ್ಲ. ಅರ್ಜಿ ತೆಗೆದುಕೊಳ್ಳುವ ಕೆಲಸ ಅಣ್ಣಾಜಯ್ಯನ ಕೊರಳಿಗೆ ಬಿತ್ತು. ಅಂದಿನಿಂದ ಅವನಿಗೆ ನೆಮ್ಮದಿಯಾಗಿ ಎಲೆಯಡಿಕೆ ಹಾಕಿಕೊಳ್ಳಲೂ ಪುರುಸೊತ್ತಿಲ್ಲ.

“ಅಯ್ಯಾ, ಹಾರುವ ಮಂಚ ಹೊಳೆದಿದೆ. ಮಾಡಿ ತೋರಿಸಲೇಬೇಕಾ?”

“ತೋರಿಸಬೇಕು. ಅದರ ಮೇಲೇ ಕೂತು ಬಾ.”

“ಪಕ್ಕದ ಮನೆಯವನ ಮೊರಕ್ಕೆ ಕೆಂಪು ಬಣ್ಣ ಹಚ್ಚಿದೀನಿ. ಹೊಸದಲ್ಲವಾ?”

“ಬಣ್ಣ ಹೊಸದು, ಮೊರ ಹಳೇದು. ಮನೆಗೆ ಹೋಗು.”

“ನನ್ನ ತಗಡು ಹೊಳೆಯಾಚೆ ರಾಜ್ಯದಲ್ಲೂ ನಡೆಯುತ್ತಾ?”

“ಅಲ್ಲಿ ನಮ್ಮ ದೊರೆ ಮಾತೇ ನಡೆಯಲ್ಲ, ನಿನ್ನ ತಗಡು ನಡೆಯುತ್ತಾ?”

ಇದೆಲ್ಲ ಹೇಗೋ ಸಾಗುತ್ತಿತ್ತು. ತಡೆಯಲಾಗದ್ದು ಭುಜಂಗರಾಯನ ಕಾಟ. ಕಚೇರಿಗೆ ಒಳ್ಳೆಯದೇನಾದರೂ ಬಂತೆಂದರೆ ಸಾಕು, ಬಂದು ಕಣ್ಣಾಡಿಸಿ, “ಇದು ನಾನು ಆಗಲೇ ಮಾಡಿದ್ದು” ಎನ್ನುತ್ತಿದ್ದ. ಹೀಗೇ ಏಳು ತಗಡು ಅವನ ಮನೆ ಗೋಡೆ ಸೇರಿದ್ದವು.

ಈಗ ಎಂಟನೆಯದರ ಮೇಲೆ ಕಣ್ಣು. ಕಮ್ಮಾರ ಮಲ್ಲೋಜ ಒಂದು ಶಾವಿಗೆ ಒರಳು ಮಾಡಿ ತಂದಿದ್ದ. ಹಳೆಯ ಒರಳಿನಲ್ಲಿ ಹಿಟ್ಟಿನ ಉಂಡೆ ಹಾಕಿದ ಮೇಲೆ, ಉದ್ದನೆಯ ಮರದ ಸನ್ನೆಯ ತುದಿಯಲ್ಲಿ ಮನೆಯ ಭಾರದ ಆಸಾಮಿ ಯಾರಾದರೂ ಕೂತು ಒತ್ತಬೇಕು. ಮಲ್ಲೋಜ ಸನ್ನೆ ತೆಗೆದು ಕಬ್ಬಿಣದ ತಿರುಪು ಕೂರಿಸಿದ್ದ. ಒಬ್ಬಳೇ ಹೆಂಗಸು ಹಿಡಿ ತಿರುಗಿಸಿದರೂ ಶಾವಿಗೆ ಸಲೀಸಾಗಿ ಇಳಿಯುತ್ತಿತ್ತು.

ಎರಡೇ ದಿನಕ್ಕೆ ಭುಜಂಗರಾಯ ಅಂಥದ್ದೇ ಇನ್ನೊಂದನ್ನು ಹೊರಿಸಿಕೊಂಡು ಬಂದ. “ನನ್ನ ಒರಳನ್ನು ಕದ್ದ ಈ ಕಮ್ಮಾರನ ಕುಲುಮೆ ಮುಚ್ಚಿಸಿ, ಊರಿನಿಂದ ಆಚೆ ಹಾಕಬೇಕು” ಎಂದು ದೊರೆಗೆ ದೂರು ಕೊಟ್ಟ. ಅದರ ವಿಚಾರಣೆಯೇ ಈವತ್ತು.

ಬಾಗಿಲ ಬಳಿ ಮಲ್ಲೋಜ ಅಣ್ಣಾಜಯ್ಯನ ಕೈ ಹಿಡಿದುಕೊಂಡ. “ಅಯ್ಯಾ, ಆ ಕುಲುಮೆ ಬಿಟ್ಟರೆ ನನಗೆ ಬೇರೆ ಗತಿಯಿಲ್ಲ. ನಾನೇ ಮೊದಲು ಮಾಡಿದ್ದು ಅಂತ ಹ್ಯಾಗೆ ತೋರಿಸ್ಲಿ?”

ಅಣ್ಣಾಜಯ್ಯ ಅವನನ್ನು ಕಂಬದ ಮರೆಗೆ ಕರೆದೊಯ್ದ. “ಕಚೇರಿಗೆ ತರೋಕೆ ಮುಂಚೆ ಯಾರಿಗೆ ತೋರಿಸಿದ್ದೆ?”

“ಹೆಂಡತಿಗೆ ಒಬ್ಬಳಿಗೇ. ಅವಳು ತಿರುಗಿಸಿ ನೋಡಿದಳು. ಮಾರನೆಯ ಬೆಳಗ್ಗೆ ನಿಮ್ಮ ಮುಂದಿಟ್ಟೆ.”

“ಒಳ್ಳೇದಾಯ್ತು. ಈವತ್ತು ನೀನು ಬಾಯಿ ಬಿಡಬೇಡ. ಮೊದಲಿಗನಾಗೋ ಕೆಲಸ ಅವನಿಗೇ ಬಿಡೋಣ.”

ವಿಚಾರಣೆ ಶುರುವಾಯಿತು. ಅಣ್ಣಾಜಯ್ಯ ಬಲು ವಿನಯದಿಂದ ಕೇಳಿದ. “ರಾಯರೇ, ಮಲ್ಲೋಜ ಇದನ್ನು ಹೋದ ದೀಪಾವಳಿಗೆ ಶುರುಮಾಡಿದನಂತೆ.”

“ನಾನು ಅದರ ಹಿಂದಿನ ದೀಪಾವಳಿಗೇ ಮುಗಿಸಿದ್ದೆ.”

“ಅವನ ಹೆಂಡತಿಯನ್ನು ಕೇಳಿದರೆ ಮೂರು ವರ್ಷ ಅಂದರೂ ಅಂದಾಳು.”

“ಹಾಗಾದರೆ ನಂದು ಐದು.”

“ಬರೀ ಯೋಚನೆಯೋ, ಒರಳೋ? ಯೋಚನೆಗೆ ತಗಡು ಕೊಡೋದಿಲ್ಲ.”

“ಒರಳೇ ಕಣಯ್ಯ. ಸರಿಯಾಗಿ ಬರಕೋ, ಎಂಟು ವರ್ಷ. ನನ್ನ ಮಗಳ ಮದುವೆಯಲ್ಲಿ ಐನೂರು ಎಲೆಗೆ ಅದರಲ್ಲೇ ಶಾವಿಗೆ ಒತ್ತಿಸಿದ್ದೆ. ಇಡೀ ಊರು ನೋಡಿದೆ.”

ಅವನ ಹಿಂದೆ ನಿಂತಿದ್ದ ಆಳುಗಳೆಲ್ಲ “ನೋಡಿದೀವಿ, ನೋಡಿದೀವಿ” ಎಂದರು. ಒಬ್ಬನಂತೂ ಜೊತೆಗೆ ಬಡಿಸಿದ ಕಾಯಿಹಾಲಿಗೆ ಬೆಲ್ಲ ಕಮ್ಮಿಯಾಗಿತ್ತು ಎಂದೂ ಸಾಕ್ಷಿ ನುಡಿದ.

ಅಣ್ಣಾಜಯ್ಯ ಎಲ್ಲವನ್ನೂ ಬರೆದು ರಾಯನ ಮುದ್ರೆ ಒತ್ತಿಸಿಕೊಂಡ. ಆಮೇಲೆ ದೊರೆಯ ಆಜ್ಞೆಯನ್ನು ಬಿಚ್ಚಿ ಓದಿದ. “ಅರ್ಜಿ ಕೊಡುವ ದಿನಕ್ಕೆ ಮುಂಚೆಯೇ ನಾಲ್ಕು ಜನರ ಕಣ್ಣಿಗೆ ಬಿದ್ದು ಬಳಕೆಯಾಗಿರುವ ಸಾಧನ ಹೊಸದಲ್ಲ. ಅದಕ್ಕೆ ತಗಡಿಲ್ಲ. ಅದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು.”

ಓದಿ ಮುಗಿಸಿ ಕೈಮುಗಿದ. “ರಾಯರ ಒರಳಿಗೆ ಎಂಟು ವರ್ಷ ತುಂಬಿದೆ, ಮಹಾಸ್ವಾಮಿ. ಐನೂರು ಜನ ಉಂಡು ಕೈತೊಳೆದಿದ್ದಾರೆ. ಮಲ್ಲೋಜ ಕದಿಯೋಕೆ ಅದರಲ್ಲಿ ಏನೂ ಉಳಿದೇ ಇಲ್ಲ.”

ಭುಜಂಗರಾಯ ಬೆವರು ಒರೆಸಿಕೊಂಡ. “ತಡಿ, ತಡಿ. ನನಗೆ ನೆನಪು ತಪ್ಪಿತು. ಮಾಡಿದ್ದು ಮೊನ್ನೆ ಮೊನ್ನೆ.”

“ಮೊನ್ನೆಯಾದರೆ ಮಲ್ಲೋಜ ನಿಮಗಿಂತ ಎರಡು ದಿನ ಮುಂಚೆ ತಂದುಕೊಟ್ಟಿದ್ದಾನೆ, ಕಡತದಲ್ಲಿದೆ. ಎರಡರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ.”

ರಾಯ ಆರಿಸುವ ಮೊದಲೇ ಪರದೆಯ ಹಿಂದಿನಿಂದ ಮಹಾರಾಣಿಯ ದನಿ ಬಂತು. “ಲೋ ಭುಜಂಗ, ನಿನ್ನ ಮನೇಲಿ ತಿರುಪಿನ ಒರಳಿದ್ದಿದ್ದರೆ, ಹೋದ ಗೌರಿ ಹಬ್ಬಕ್ಕೆ ನಿನ್ನನ್ನ ಕರೆಸಿ ನಮ್ಮ ಸನ್ನೆ ಮೇಲೆ ಯಾಕೋ ಕೂರಿಸ್ತಿದ್ದೆ? ಅದನ್ನ ಮುರಿದು ಹಿಟ್ಟಿನ ಪಾತ್ರೆಯೊಳಗೆ ಬಿದ್ದದ್ದು ಮರೆತೆಯಾ?”

ಆಸ್ಥಾನವೆಲ್ಲ ಶಲ್ಯ ಅಡ್ಡ ಹಿಡಿದು ನಕ್ಕಿತು. ಎಂಟು ವರ್ಷದ ಮಾತು ಸುಳ್ಳೆಂದಾದ ಮೇಲೆ ಉಳಿದದ್ದು ಮಲ್ಲೋಜನ ಒರಳೊಂದೇ. ದೊರೆ ಅವನಿಗೆ ತಗಡು ಕೊಡಿಸಿದ. ಗೋಡೆಯ ಮೇಲಿನ ಏಳನ್ನೂ ಕಿತ್ತು ತಂದು ವಿಚಾರಿಸಿ ಎಂದ. ಮಲ್ಲೋಜ ತಗಡನ್ನು ಎದೆಗೆ ಒತ್ತಿಕೊಂಡು, ಎಲ್ಲರೆದುರೇ ಅತ್ತುಬಿಟ್ಟ.

ದೊರೆಗೆ ಬಾವಮೈದನ ಮುಖ ನೋಡಿ ನಗು ತಡೆಯಲಾಗಲಿಲ್ಲ. “ಅಣ್ಣಾಜಯ್ಯ, ಬೇರೆಯವರು ದುಡಿದದ್ದನ್ನು ಕಣ್ಣು ಮಿಟುಕಿಸದೆ ನನ್ನದು ಅನ್ನುತ್ತಾನಲ್ಲ, ಇಂಥ ವಿದ್ಯೆ ನಾನೆಲ್ಲೂ ಕಂಡಿಲ್ಲ. ಅದಕ್ಕಾದರೂ ಇವನಿಗೊಂದು ತಗಡು ಕೊಟ್ಟುಬಿಡು.”

ಅಣ್ಣಾಜಯ್ಯ ಸಾಲಾಗಿ ಕೂತಿದ್ದ ಮಂತ್ರಿ, ದಳವಾಯಿ, ಆಸ್ಥಾನಕವಿಗಳನ್ನು ಒಂದು ಸುತ್ತು ನೋಡಿದ. ಸಿಂಹಾಸನದ ಮೇಲೂ ಅವನ ಕಣ್ಣು ಒಂದು ಗಳಿಗೆ ನಿಂತಿತು.

“ಕೊಡೋಕಾಗಲ್ಲ, ಮಹಾಸ್ವಾಮಿ. ಅದು ಈ ಆಸ್ಥಾನದಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ.”