ಸುಣ್ಣದ ಗೋಡೆ, ನಾಲ್ಕು ಗಡಿಗೆ

“ಗುರುಗಳೇ, ಹಳೆಯ ಮಾತನ್ನು ಅಳಿಸಿ ಹೊಸದಾಗಿ ಸಂಕಲ್ಪ ಮಾಡಿದರೆ ತಪ್ಪೇನು?”

ಕೇಳಿದವನು ಮರುಳಸಿದ್ಧ. ಎಂಟು ವರ್ಷದಿಂದ ಅವನು ಒಡಹುಟ್ಟಿದ ಅಣ್ಣನ ಜೊತೆ ಮಾತು ಬಿಟ್ಟಿದ್ದ. ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು. ಹೋಗಿ ಕಾಲು ಹಿಡಿಯಬೇಕೆಂಬ ಆಸೆಯೂ ಇತ್ತು. “ಹಿಂದೆ ಅಂದುಕೊಂಡದ್ದು ಆಗಲಿಲ್ಲ, ಅದು ಹೋಗಲಿ. ಈ ಯುಗಾದಿಗೆ ಖಂಡಿತ ಹೋಗುತ್ತೇನೆ. ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ” ಎಂದ. ಹೇಳುವಾಗಲೂ ಅವನು ಕೂತಲ್ಲಿ ಕೂರಲಿಲ್ಲ.

ಗುರುಗಳು, “ಮೊದಲು ಕೂತುಕೋ. ನಿಂತವನಿಗೆ ಕತೆ ಹೇಳಿದರೆ ಅದರಲ್ಲಿ ಅರ್ಧ ಬಾಗಿಲಿನಿಂದಾಚೆ ಹೋಗುತ್ತದೆ” ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದೂರಿನಲ್ಲಿ ಒಂದು ಕೆರೆ ಒಡೆದು ಬಹಳ ಕಾಲವಾಗಿತ್ತು. ಒಬ್ಬ ವರ್ತಕ ಅದನ್ನು ಮತ್ತೆ ಕಟ್ಟಿಸುತ್ತೇನೆಂದು ಹೊರಟ. ಒಳ್ಳೆಯ ಮನುಷ್ಯ. ಹೊಗಳಿಕೆ ಕಂಡರೆ ಸ್ವಲ್ಪ ಕರಗುತ್ತಿದ್ದ, ಅಷ್ಟೇ. ಕೆರೆಯ ಕೆಳಗೆ ನಲವತ್ತು ಮನೆಗಳ ಒಂದು ಕೇರಿ ಇತ್ತು. ಕೆರೆಯ ಮಣ್ಣಿನ ಏರಿ ನಿಂತರೆ ಆ ಕೇರಿಗೆ ನೀರು. ಏರಿ ಮುರಿದರೆ ಆ ಕೇರಿಯೇ ನೀರುಪಾಲು.

ವರ್ತಕ ಒಬ್ಬ ಮೇಸ್ತ್ರಿಯನ್ನು ನೇಮಿಸಿದ. ಸಂಕ್ರಾಂತಿ ಕಳೆದ ಮೇಲಿನ ಅಮಾವಾಸ್ಯೆಗೆ ಮೇಸ್ತ್ರಿ ಕೆಲಸದ ಬಿಡಾರದ ಗೋಡೆಗೆ ಸುಣ್ಣ ಬಳಿಸಿ, ಅದರ ಮೇಲೆ ಇದ್ದಿಲಿನಿಂದ ಕೆಲಸಗಳನ್ನು ಸಾಲಾಗಿ ಬರೆದ. ಹೂಳು ತೆಗೆಯಲು ಇಷ್ಟು ದಿನ, ನೀರು ಬಿಡುವ ತೂಬಿನ ಕಲ್ಲಿಗೆ ಇಷ್ಟು ದಿನ, ಮಣ್ಣು ಹಾಕಿ ಎತ್ತುಗಳಿಂದ ತುಳಿಸಲು ಇಷ್ಟು ದಿನ. ಎಲ್ಲದರ ಕೊನೆಗೆ ಕೋಡಿ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ದಾರಿ ಅದು. ಅಲ್ಲಿ ಬಂಡೆ ಕಡಿಯಬೇಕಿತ್ತು. ಅದಕ್ಕೆ ನಲವತ್ತು ದಿನ ಎಂದು ಬರೆದ. ಅದರ ಕೆಳಗೆ ದಪ್ಪಗೆ, ‘ಮೃಗಶಿರಾ ಮಳೆ ಹುಟ್ಟುವ ಮೊದಲು ಎಲ್ಲ ಪೂರ್ತಿ’ ಎಂದು ಬರೆದ.

ಅಮಾವಾಸ್ಯೆ ದಿನ ಯಾರೂ ಹಾರೆ ಮುಟ್ಟುತ್ತಿರಲಿಲ್ಲ. ಗುದ್ದಲಿ, ಪಿಕಾಸಿ, ಮಂಕರಿಗಳನ್ನೆಲ್ಲ ತೊಳೆದು ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಅದೇ ದಿನ ಗೋಡೆಗೂ ಸುಣ್ಣ ಬೀಳುತ್ತಿತ್ತು. ಹಿಂದಿನ ತಿಂಗಳು ಬರೆದದ್ದು ಉಳಿದರೆ ಅಪಶಕುನ ಎಂಬುದು ಅವರ ನಂಬಿಕೆ. ಸುಣ್ಣ ಆರಿದ ಮೇಲೆ ಮೇಸ್ತ್ರಿ ಎಲ್ಲವನ್ನೂ ಹೊಸದಾಗಿ ಬರೆಯುತ್ತಿದ್ದ. ಮಧ್ಯಾಹ್ನ ವರ್ತಕ ಬಂದು ಗೋಡೆ ನೋಡುತ್ತಿದ್ದ. ಅಕ್ಷರ ಸ್ಪಷ್ಟ, ಗೋಡೆ ಶುಭ್ರ, ಕೊನೆಯ ದಿನ ಅದೇ. ಸಂತೋಷಪಟ್ಟು ಎಲ್ಲರಿಗೂ ಹೋಳಿಗೆ ಹಾಕಿಸುತ್ತಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೋಳಿಗೆ ತಿನ್ನುವವರು ಯಾಕೆ ಹೇಳುತ್ತಾರೆ?

ಮೊದಲ ತಿಂಗಳು ಹೂಳು ಅಂದುಕೊಂಡದ್ದಕ್ಕಿಂತ ಆಳವಿತ್ತು. ಎಂಟು ದಿನ ತಡವಾಯಿತು. ಮೇಸ್ತ್ರಿ ಆ ಎಂಟು ದಿನವನ್ನು ಕೋಡಿಯ ಪಾಲಿನಿಂದ ಕಳೆದು ಬರೆದ. ಎರಡನೆಯ ತಿಂಗಳು ತೂಬಿನ ಕಲ್ಲು ಸಾಗಿಸುವಾಗ ಸೀಳಿತು. ಹನ್ನೊಂದು ದಿನ ಹೋಯಿತು. ಅದನ್ನೂ ಕೋಡಿಯಿಂದ ಕಳೆದ. ಮೂರನೆಯ ತಿಂಗಳು ಎತ್ತುಗಳಿಗೆ ಕಾಲುಬೇನೆ ಬಂತು. ಒಂಬತ್ತು ದಿನ. ಅದೂ ಅಲ್ಲಿಂದಲೇ. ಪಂಕ್ತಿಯಲ್ಲಿ ಕೊನೆಗೆ ಕೂತವನ ಎಲೆಗೆ ಹೋಳಿಗೆ ತಲುಪದ ಹಾಗೆ, ಕೊನೆಯ ಕೆಲಸಕ್ಕೆ ದಿನ ತಲುಪಲಿಲ್ಲ. ‘ಮೃಗಶಿರಾ ಹುಟ್ಟುವ ಮೊದಲು ಎಲ್ಲ ಪೂರ್ತಿ’ ಎಂಬ ಸಾಲು ಮಾತ್ರ ಒಂದು ಅಕ್ಷರವೂ ಬದಲಾಗದೆ ಗೋಡೆಯ ಮೇಲಿತ್ತು.

ಕೆಳಗಿನ ಕೇರಿಯಲ್ಲಿ ಒಬ್ಬ ಕುಂಬಾರ ಹೆಂಗಸು ಇದ್ದಳು. ಬಿಡಾರಕ್ಕೆ ನೀರಿನ ಗಡಿಗೆ ಕೊಡುವವಳು ಅವಳೇ. ಏರಿ ಎತ್ತರವಾದಷ್ಟೂ ಅವಳು ಮತ್ತೆ ಮತ್ತೆ ಕೋಡಿಯ ಕಡೆ ನೋಡುತ್ತಿದ್ದಳು. ಓದು ಬಾರದು. ಬಂದಾಗಲೆಲ್ಲ ಮೇಸ್ತ್ರಿಯನ್ನೇ ಕೇಳುತ್ತಿದ್ದಳು, ಕೋಡಿಗೆ ಎಷ್ಟು ದಿನ ಬರೆದಿದ್ದೀರಿ ಎಂದು. ಅವನು ನಗುತ್ತ ಹೇಳುತ್ತಿದ್ದ. ಅವಳು ಮನೆಗೆ ಹೋಗಿ ಒಂದು ಹಸಿ ಗಡಿಗೆಯ ಮೇಲೆ ಅಷ್ಟು ಗೆರೆ ಕೊರೆದು ಸುಟ್ಟಿಡುತ್ತಿದ್ದಳು. ಸುಟ್ಟ ಮಣ್ಣಿನ ಮೇಲಿನ ಗೆರೆ ಸುಣ್ಣಕ್ಕೆ ಹೆದರುವುದಿಲ್ಲ.

ನಾಲ್ಕನೆಯ ಅಮಾವಾಸ್ಯೆಗೆ ಅವಳು ನಾಲ್ಕು ಗಡಿಗೆ ತಂದು ಊಟಕ್ಕೆ ಕೂತಿದ್ದ ವರ್ತಕನ ಮುಂದೆ ಸಾಲಾಗಿ ಇಟ್ಟಳು. ಒಂದರಲ್ಲಿ ನಲವತ್ತು ಗೆರೆ. ಮುಂದಿನದರಲ್ಲಿ ಮೂವತ್ತೆರಡು. ಅದರ ಮುಂದಿನದರಲ್ಲಿ ಇಪ್ಪತ್ತೊಂದು. ಕೊನೆಯದು ಇನ್ನೂ ಸುಡದ ಹಸಿ ಗಡಿಗೆ, ಅದರಲ್ಲಿ ಹನ್ನೆರಡು.

“ಬುದ್ಧೀ, ಬಂಡೆ ಅದೇ, ಕಡಿಯೋ ಕೈನೂ ಅವೇ” ಎಂದಳು. “ಸಂಕ್ರಾಂತಿ ಆದ ಮೇಲೆ ನಲವತ್ತು ದಿನ ಬೇಕು ಅಂದ್ರು. ಈಗ ಹನ್ನೆರಡು ಸಾಕಂತೆ. ಬಂಡೆ ಏನು ಬಿಸಿಲಿಗೆ ಕರಗ್ತಾ ಐತಾ?”

ಮೇಸ್ತ್ರಿ ಸಿಡುಕಿದ. “ಅಳಿಸಿ ಹಾಕಿದ್ದನ್ನ ಯಾಕಮ್ಮ ಕೆದಕ್ತೀಯಾ, ಹಬ್ಬದ ದಿನ?”

ವರ್ತಕ ಗಡಿಗೆಗಳನ್ನು ನೋಡಿದ. ಗೋಡೆಯನ್ನೂ ನೋಡಿದ. ಲೆಕ್ಕ ಅವನಿಗೆ ಅರ್ಥವಾದದ್ದು ನಿಜ. ಅವತ್ತಿನಿಂದ ಮೃಗಶಿರಕ್ಕೆ ಸರಿಯಾಗಿ ನಲವತ್ತು ದಿನ ಉಳಿದಿತ್ತು. ಮಣ್ಣಿನ ಆಳುಗಳನ್ನು ಅವತ್ತೇ ಬಂಡೆಗೆ ಹಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಎಲೆಯ ಮುಂದೆ ಕೂತ ನೂರು ಜನ ಅವನ ಮುಖವನ್ನೇ ನೋಡುತ್ತಿದ್ದರು. “ಮುಂದಿನ ಅಮಾವಾಸ್ಯೆಗೆ ನೋಡೋಣ ತಾಯಿ” ಎಂದು ಊಟಕ್ಕೆ ಕೈ ಹಾಕಿದ.

ಮುಂದಿನ ಅಮಾವಾಸ್ಯೆಗೆ ಮತ್ತೆ ಸುಣ್ಣ ಬಿತ್ತು. ಕೋಡಿಗೆ ಏಳು ದಿನ ಎಂದು ಬರೆದರು.

ಮೃಗಶಿರಾ ಹೇಳಿದ ದಿನಕ್ಕೇ ಹುಟ್ಟಿತು. ಮಳೆಗೆ ಯಾವ ಗೋಡೆಯೂ ಗೊತ್ತಿಲ್ಲ. ಏರಿ ಗಟ್ಟಿಯಾಗಿತ್ತು, ತೂಬು ಚೆನ್ನಾಗಿತ್ತು. ಕೋಡಿಯಲ್ಲಿ ಬಂಡೆಯ ಮೇಲ್ಪದರ ಮಾತ್ರ ಹೋಗಿತ್ತು. ಮೂರನೆಯ ದಿನ ಬೆಳಗ್ಗೆ ನೀರು ಏರಿಯ ಅಂಚಿಗಿಂತ ಎರಡೇ ಮೊಳ ಕೆಳಗಿತ್ತು. ಮೇಸ್ತ್ರಿ ನೆನೆಯುತ್ತ ಓಡಿಬಂದು ವರ್ತಕನ ಕೈ ಹಿಡಿದ. “ಇನ್ನೆರಡು ದಿನ ಕೊಡಿ, ಧಣಿ. ಕೋಡಿ ಬಿಡಿಸಿಬಿಡ್ತೀನಿ.”

“ಮೊದಲನೇ ಸಲ ಎಷ್ಟು ಕೇಳಿದ್ದೆ?” ಎಂದ ವರ್ತಕ.

ಮೇಸ್ತ್ರಿ ಬಿಡಾರದ ಗೋಡೆಯ ಕಡೆ ತಿರುಗಿ ನೋಡಿದ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ವರ್ತಕ ಆಳುಗಳನ್ನು ಕರೆದುಕೊಂಡು ಏರಿಯ ಬಡಗಣ ತುದಿಗೆ ಹೋದ. ಅದರಾಚೆ ಬರೀ ಕಲ್ಲುಭೂಮಿ. ಮೊದಲ ಗುದ್ದಲಿ ಏಟು ಅವನೇ ಹಾಕಿದ. ಐದು ತಿಂಗಳು ಕಟ್ಟಿದ್ದನ್ನು ಅರ್ಧ ದಿನದಲ್ಲಿ ತಾನೇ ಒಡೆದ. ಒಡೆಯುತ್ತ ಎಲ್ಲರೆದುರು ಅತ್ತ. ನೀರು ಕಲ್ಲುಭೂಮಿಗೆ ನುಗ್ಗಿತು. ನುಗ್ಗಿದ್ದರಲ್ಲಿ ಒಂದಷ್ಟು ತಿರುಗಿ ಕೇರಿಗೂ ಬಂತು. ಕುಂಬಾರಗಿತ್ತಿ ಬೆಳಗ್ಗೆಯೇ ಮಕ್ಕಳು, ಮುದುಕರು, ಆಡುಗಳನ್ನು ದಿಬ್ಬ ಹತ್ತಿಸಿದ್ದಳು. ಆದ್ದರಿಂದ ಜೀವಗಳು ಉಳಿದವು. ಕೆಳಸಾಲಿನ ಒಂಬತ್ತು ಮನೆಗಳು ಉಳಿಯಲಿಲ್ಲ. ಅದರಲ್ಲಿ ಅವಳದೂ ಒಂದು. ಆ ವರ್ಷ ಕೆರೆಯಲ್ಲಿ ಒಂದು ಬೊಗಸೆ ನೀರೂ ನಿಲ್ಲಲಿಲ್ಲ.

ಗುರುಗಳು ನಿಲ್ಲಿಸಿದರು. ಮರುಳಸಿದ್ಧ ಮತ್ತೆ ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ತಿಳಿದಿರಲಿಲ್ಲ. “ಅಂದರೆ ಮೇಸ್ತ್ರಿ ಮೋಸಗಾರ” ಎಂದ, ತುಸು ಜೋರಾಗಿಯೇ.

“ಅಲ್ಲಪ್ಪ. ಅವನು ಒಂದು ದಿನವೂ ಸುಳ್ಳು ಬರೆಯಲಿಲ್ಲ. ಪ್ರತಿ ಸಲ ನಂಬಿಯೇ ಬರೆದ.”

“ಹಾಗಾದರೆ ಅವನು ಮಾಡಿದ ತಪ್ಪೇನು, ಗುರುಗಳೇ?”

ಗುರುಗಳು ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ಹೇಳಿದರು: “ಮೊದಲು ನೀನು ಶ್ರಾವಣ ಅಂದೆ, ಆಮೇಲೆ ದೀಪಾವಳಿ ಅಂದೆ, ಈಗ ಯುಗಾದಿ ಅನ್ನುತ್ತೀಯ. ಪ್ರತಿ ಸಲ ಹಿಂದಿನದಕ್ಕೆ ಸುಣ್ಣ ಬಳಿದೆ. ನಿಮ್ಮಣ್ಣನಿಗೆ ಈಗ ವಯಸ್ಸೆಷ್ಟು?”