ಕಲ್ಲೆಮ್ಮೆಯ ಕಾಲುದಾರಿ

ಹೊಳೆಯ ದಂಡೆಯ ಕಲಾ ಮ್ಯೂಸಿಯಂ ಹಿಂದೆ, ಬಂಡೆಗಳ ನಡುವೆ ಒಂದು ಶಿಲ್ಪವನವಿತ್ತು. ಯಾವ ಶಿಲ್ಪ ಎಲ್ಲಿ ನಿಲ್ಲಬೇಕೆಂದು ಹೇಳುವವರು ಮುದಿ ಗುರು ಕಲ್ಲಪ್ಪಜ್ಜ.

ಅವರ ಶಿಷ್ಯೆ ನೀಲವ್ವ. ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವಳು, ಉಳಿ ಹಿಡಿಯಲು ಕಲಿಸಿ ಎಂದು ತಾನೇ ನಡೆದು ಬಂದಿದ್ದಳು. ಅವಳು ಕೆತ್ತಿದ್ದು ನೀರಿನಿಂದ ಮೇಲೇಳುವ ಒಂದು ಎಮ್ಮೆ. ಅಜ್ಜ ಅದನ್ನು ವನದ ಕಟ್ಟಕಡೆಗೆ, ಹೊಳೆ ಕಾಣುವ ಕಡೆ ನಿಲ್ಲಿಸಿದ್ದರು.

ಮೂರು ವರ್ಷವಾಯಿತು. ಒಂದು ಬೆಳಿಗ್ಗೆ ನೀಲವ್ವ ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಬಂದು ನಿಂತಳು.

“ಅಜ್ಜಾರ, ನನ್ನ ಎಮ್ಮಿನ್ನ ಗೇಟಿನ ಹತ್ರ ಇಡಸ್ರಿ. ನೀವೊಂದು ಮಾತು ಅಂದ್ರ ಸಾಕು, ಕ್ರೇನ್ ತರಸ್ತಾರ. ಇಲ್ಲಾಂದ್ರ ನಾ ಇವತ್ತ ಹೊಂಟೆ.”

“ಎಲ್ಲಿಗೆ?”

“ಎಲ್ಲಿಗರ. ಕಲ್ಲಿಲ್ಲದ ಊರೈತೇನ್ರಿ?”

“ಅಲ್ಲೇನಾಗೈತಿ ಎಮ್ಮಿಗೆ?”

“ಯಾರೂ ಬರಂಗಿಲ್ರಿ. ಬಂದವರೆಲ್ಲ ಗೇಟಿನ ಹತ್ರದ ಕಲ್ಲಿನ ಆನಿ ಮುಂದ ಫೋಟೋ ತೆಗಸ್ಕೊಂಡು ಚಾ ಕುಡಿಯಾಕ ಹೋಗ್ತಾರ. ಮೂರು ವರ್ಷದಾಗ ಒಂದು ಹುಳಾನೂ ಆ ಕಡೆ ಹೊಳ್ಳಿ ನೋಡಿಲ್ಲ.”

“ಎಮ್ಮಿ ಬ್ಯಾಸರ ಮಾಡ್ಕೊಂಡೈತೇನು?”

“ಚೇಷ್ಟಿ ಬ್ಯಾಡ್ರಿ. ಹಗಲೆಲ್ಲ ಒಬ್ಬಾಕೀನೇ ಕಲ್ಲು ಬಡೀತೀನಿ. ನಿಮ್ಮನ್ನ ಬಿಟ್ರ ನನ್ನ ಹೆಸರು ಹಿಡದು ಕರಿಯೋರಿಲ್ಲ ಇಲ್ಲಿ. ಆ ಎಮ್ಮಿನ್ನರ ನಾಕು ಮಂದಿ ನೋಡಬಾರದೇನು?”

ಅಜ್ಜ ಕೋಲು ಊರಿ ಎದ್ದರು. “ನಡಿ, ನೋಡೂಣು.”

ಇಬ್ಬರೂ ಹೊರಟರು. ಗರಿಕೆ ಹುಲ್ಲಿನ ನಡುವೆ ಒಬ್ಬರು ನಡೆಯುವಷ್ಟೇ ಅಗಲದ ದಾರಿ. ತುಳಿದು ತುಳಿದು ಮಣ್ಣು ನುಣ್ಣಗಾಗಿತ್ತು.

ಅಜ್ಜ ನಿಂತರು.

“ಯಾರೂ ಬರಂಗಿಲ್ಲ ಅಂದಿ. ಈ ದಾರಿ ಯಾರು ತುಳದಾರ?”

ನೀಲವ್ವ ತಲೆ ತಗ್ಗಿಸಿದಳು.

“ನಾನೇ ರೀ. ಯಾರರ ಬಂದಾರೇನು ಅಂತ ದಿನಾ ಸಂಜಿಮುಂದ ಬಂದು ನೋಡಿ ಹೋಗ್ತೀನಿ.”

ಅಜ್ಜ ಮುಂದೆ ನಡೆದರು.

ಎಮ್ಮೆ ಇದ್ದಲ್ಲೇ ಇತ್ತು. ಅದರ ಎಡಗಿವಿಯೊಳಗೆ ಯಾವಾಗಲೋ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗೂಡು ಹಳೆಯದಾಗಿ ಒಡೆದಿತ್ತು. ಆ ಮಣ್ಣಿನಲ್ಲಿ ಒಂದು ಅರಳಿ ಸಸಿ ಗೇಣುದ್ದ ಬೆಳೆದು, ಹೊಳೆಯ ಗಾಳಿಗೆ ಅಲುಗುತ್ತಿತ್ತು.

ನೀಲವ್ವನ ಹೆಗಲಿನಿಂದ ಚೀಲ ಜಾರಿತು.

“ಇದು ಯಾವಾಗ ಬಂತ್ರೀ?”

ಅಜ್ಜ ಬಂಡೆಯ ಮೇಲೆ ಕೂತು ಕೋಲನ್ನು ಪಕ್ಕಕ್ಕಿಟ್ಟರು.

“ದಿನಾ ಬರೋರು ಒಬ್ಬರು ಅದಾರ, ನೀಲವ್ವ. ಅವರೂ ಎಮ್ಮಿನ್ನ ನೋಡಿಲ್ಲ.”