ಹೆಗ್ಗಡೆಯವರ ಹಲಗೆ

ಆ ಊರಿನ ಮರದ ಸೇತುವೆಗೆ ಮನೆಗೊಂದು ಹಲಗೆ. ಮುರಿದರೆ ಆ ಮನೆಯವರೇ ಹೊಸದು ಹಾಕಬೇಕು. ಊರಾಳುವ ಹೆಗ್ಗಡೆಯವರ ಹಲಗೆ ಕೊಳೆತು ಹೊಳೆಪಾಲಾಗಿ ವರ್ಷವಾಗಿತ್ತು. ಅವರಿಗೆ ಅದರ ನೆನಪೇ ಇಲ್ಲ. ನೆನಪಿಸುವ ಧೈರ್ಯ ಯಾರಿಗೂ ಇಲ್ಲ. ಜನ ಆ ಸಂದು ಹಾರಿಕೊಂಡೇ ಓಡಾಡುತ್ತಿದ್ದರು.

ಒಂದು ದಿನ ಹೊಳೆ ಏರುತ್ತಿತ್ತು. ದೊರೆಯ ಕರೆ ಬಂತೆಂದು ಧಾವಿಸಿದ ಹೆಗ್ಗಡೆಯವರ ಪಲ್ಲಕ್ಕಿ ಸಂದಿನೆದುರು ನಿಂತೇಬಿಟ್ಟಿತು. ಪಲ್ಲಕ್ಕಿಗೆ ಹಾರಲು ಬರುತ್ತದೆಯೇ?

"ಯಾವನದೋ ಇಲ್ಲಿಯ ಹಲಗೆ? ಅವನ ಮನೆ ಬಾಗಿಲು ಕಿತ್ತು ತಂದು ಹಾಕ್ರೋ!" ಹೆಗ್ಗಡೆಯವರು ಅಬ್ಬರಿಸಿದರು.

ಸೇತುವೆ ಕಾಯುವ ಮಾಳವ್ವ ಸೆರಗು ಬಿಗಿದಳು. ಇಂಥ ಅಪ್ಪಣೆ ಮತ್ತೆ ಸಿಕ್ಕೀತೇ? ನಾಲ್ಕು ಜನರನ್ನು ಕಟ್ಟಿಕೊಂಡು ಊರೊಳಗೆ ಓಡಿದಳು.

ತಂದು ಹಾಸಿದ ಬಾಗಿಲ ಮೇಲೆ ಹಿತ್ತಾಳೆಯ ಸಿಂಹ ಕಂಡದ್ದೇ ಹೆಗ್ಗಡೆಯವರು ಪಲ್ಲಕ್ಕಿಯಿಂದ ಧುಮುಕಿದರು.

ಅದನ್ನು ದಾಟಿ ಸಂದಿನಾಚೆ ನಿಂತ ಮಾಳವ್ವ ಕೈಮುಗಿದಳು.

"ನಿಮ್ಮನೆ ಬಾಗಿಲೇ ಬುದ್ಧೀ. ಬಲಗಾಲಿಟ್ಟು ಬನ್ನಿ."